ಒಟಿಪಿ ಯಾರ ಫೋನಿಗೆ ಬರುತ್ತದೆ? ಯುಡಿಐಡಿ, ಮಾಸಾಶನ, ಬಸ್ ಪಾಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ಕಡೆಯವನು. ಎರಡೂ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡ ಫೋನಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಒಮ್ಮೆ ಪಕ್ಕದ ಮನೆಯವರ ಅರ್ಜಿ ಸರಿ ಮಾಡಿಕೊಟ್ಟೆ, ಅದೇ ತಪ್ಪಾಯಿತು ನೋಡಿ, ಈಗ ಭಟ್ಕಳದಿಂದ ಜೋಯಿಡಾದವರೆಗೆ ಫೋನ್ ಬರುತ್ತದೆ. ಕೇಳುವುದೆಲ್ಲ ಅದದೇ: ಅಂಗವಿಕಲರ ಗುರುತಿನ ಕಾರ್ಡ್ ಯುಡಿಐಡಿ, ತಿಂಗಳ ಮಾಸಾಶನ, ಬಸ್ ಪಾಸ್. ಹಾಗಾಗಿ ಒಂದು ಸಲ ಬರೆದು ಇಟ್ಟುಬಿಡೋಣ ಅಂತ ಕೂತೆ.

ಯುಡಿಐಡಿ ಕಾರ್ಡ್ ಯಾಕೆ ಬೇಕು? ನನ್ನ ಹತ್ರ ಹಳೇ ಗುರುತಿನ ಚೀಟಿ ಇದೆಯಲ್ಲ.

ಹಳೇ ಚೀಟಿ ಒಂದೊಂದು ರಾಜ್ಯದ್ದು ಒಂದೊಂದು ಥರ ಇತ್ತು. ಯುಡಿಐಡಿ ಇಡೀ ದೇಶಕ್ಕೆ ಒಂದೇ. ಅಕ್ಷರ, ಅಂಕಿ ಸೇರಿ 18 ಇರುವ ಒಂದು ನಂಬರು. ಕಾರವಾರದಲ್ಲಿ ಮಾಡಿಸಿದ್ದು ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋದರೂ ನಡೆಯುತ್ತದೆ. ಹಾಗಂತ ಗೋವಾ ಸರ್ಕಾರದ ಮಾಸಾಶನವೂ ಸಿಗುತ್ತದೆ ಅಂತಲ್ಲ, ಅಂಗವೈಕಲ್ಯದ ದಾಖಲೆಯಾಗಿ ನಡೆಯುತ್ತದೆ ಅಷ್ಟೇ. 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನೇ ಯುಡಿಐಡಿಯ ಪೋರ್ಟಲ್ ಮೂಲಕ ಆನ್‌ಲೈನಿನಲ್ಲಿ ಕೊಡಬೇಕು ಅಂತ ಆಗಿದೆ. ನಿಮ್ಮ ಹತ್ತಿರ ಹಳೇ ಪ್ರಮಾಣಪತ್ರ ಇದ್ದರೆ ಅದನ್ನು ಸ್ಕ್ಯಾನ್ ಮಾಡಿ ಅರ್ಜಿಗೆ ಸೇರಿಸಬಹುದು. ಹಳೇದನ್ನು ಮಾತ್ರ ಬಿಸಾಡಬೇಡಿ.

ಕಾರ್ಡಿನ ಬಣ್ಣ ಬೇರೆ ಬೇರೆ ಯಾಕೆ?

ವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ. 40ರಿಂದ 80ರೊಳಗೆ ಹಳದಿ. 80 ಮತ್ತು ಮೇಲೆ ನೀಲಿ. ಹೆಚ್ಚಿನ ಸೌಲಭ್ಯಗಳು 40ರಿಂದಲೇ ಶುರು. ನನ್ನದು ನೀಲಿಯಂತೆ. ಯಾರೋ ಹೇಳಿದ್ದು, ನಾನು ನೋಡಿಲ್ಲ!

ಕೈಕಾಲು, ಕಣ್ಣು, ಕಿವಿ ಬಿಟ್ಟು ಬೇರೆಯವರಿಗೂ ಸಿಗುತ್ತದಾ?

ಸಿಗುತ್ತದೆ. 1995ರ ಕಾಯ್ದೆಯಲ್ಲಿ 7 ಬಗೆ ಮಾತ್ರ ಇತ್ತು. 2016ರ ಕಾಯ್ದೆಯಲ್ಲಿ 21 ಆಯಿತು. ಪಾರ್ಕಿನ್ಸನ್, ತಲಸೇಮಿಯ, ಹಿಮೋಫಿಲಿಯ, ಸಿಕಲ್ ಸೆಲ್, ಆಟಿಸಂ, ಓದು ಬರಹದಲ್ಲಿ ಮಾತ್ರ ತೊಂದರೆ ಇರುವ ಮಕ್ಕಳು, ಆಸಿಡ್ ದಾಳಿಗೆ ಒಳಗಾದವರು, ಕುಷ್ಠ ವಾಸಿಯಾದವರು, ಎಲ್ಲರೂ ಬರುತ್ತಾರೆ. "ನಮ್ಮ ಹುಡುಗನಿಗೆ ಕೈಕಾಲು ಸರಿ ಇದೆಯಲ್ಲ, ಕೊಡೋದಿಲ್ಲ" ಅಂತ ನೀವೇ ತೀರ್ಮಾನ ಮಾಡಿ ಮನೆಯಲ್ಲಿ ಕೂರಬೇಡಿ.

ಅರ್ಜಿ ಎಲ್ಲಿ ಹಾಕೋದು? ಎಷ್ಟು ದುಡ್ಡು?

ಯುಡಿಐಡಿಯದ್ದೇ ಆದ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ. ಅರ್ಜಿಗೆ ಶುಲ್ಕ ಇಲ್ಲ. ಸೈಬರ್‌ನವರು ತಮ್ಮ ಕೆಲಸಕ್ಕೆ ಕೇಳುವುದು ಬೇರೆ, ಅದಕ್ಕೆ ನನ್ನ ತಕರಾರಿಲ್ಲ. ಆಧಾರ್, ಹೊಸ ಫೋಟೊ, ಒಂದು ಮೊಬೈಲ್ ನಂಬರ್ ಬೇಕು.

ಆ ಮೊಬೈಲ್ ನಂಬರ್ ಹತ್ತಿರ ಸ್ವಲ್ಪ ನಿಲ್ಲೋಣ. ನನಗೆ ಬರುವ ಹತ್ತು ಫೋನಿನಲ್ಲಿ ಏಳು ಇದರದ್ದೇ ಗೋಳು.

ಹೊನ್ನಾವರ ಕಡೆಯ ಒಬ್ಬ ಅಮ್ಮ, ಪೋಲಿಯೊದಿಂದ ಒಂದು ಕಾಲು ಬಿದ್ದಿದೆ, ಮಲ್ಲಿಗೆ ಕಟ್ಟಿ ಮಾರುತ್ತಾರೆ. ಅವರ ಅರ್ಜಿ ಹಾಕಿದ ಸೈಬರ್ ಹುಡುಗ, ಬೇಗ ಆಗಲಿ ಅಂತಲೋ ಏನೋ, ತನ್ನ ನಂಬರನ್ನೇ ಹಾಕಿಬಿಟ್ಟ. ಕಾರ್ಡ್ ಬಂತು, ಎಲ್ಲ ಸುಖ. ಎರಡು ವರ್ಷ ಬಿಟ್ಟು ಮಳೆಗಾಲದಲ್ಲಿ ಕಾರ್ಡ್ ಕಳೆದುಹೋಯಿತು. ಕಳೆದರೆ ಏನಂತೆ, ಪೋರ್ಟಲ್‌ನಲ್ಲಿ ಒಳಗೆ ಹೋಗಿ ಇನ್ನೊಂದು ಪ್ರತಿ ಇಳಿಸಿಕೊಳ್ಳಬಹುದಲ್ಲ ಅಂದುಕೊಂಡೆವು. ಒಟಿಪಿ ಆ ಹುಡುಗನ ನಂಬರಿಗೆ ಹೋಯಿತು. ಹುಡುಗನ ಅಂಗಡಿ ಮುಚ್ಚಿತ್ತು, ಅವನು ಬೆಂಗಳೂರಲ್ಲಿ. ಆ ನಂಬರಿಗೆ ಫೋನ್ ಮಾಡಿದರೆ ಯಾರೋ ಹಿಂದಿಯಲ್ಲಿ ಮಾತಾಡಿದರು. ಸಿಮ್ ಕಂಪನಿಯವರು ಅದನ್ನು ಬೇರೆಯವರಿಗೆ ಕೊಟ್ಟು ಯಾವ ಕಾಲವಾಗಿತ್ತೋ! ನಂಬರ್ ಬದಲಿಸಲು ಹೊಸದಾಗಿ ಓಡಾಟ. ಮಲ್ಲಿಗೆ ಸೀಸನ್ನಿನಲ್ಲಿ ಮೂರು ದಿನದ ವ್ಯಾಪಾರ ಹೋಯಿತು.

ಹಾಗಾಗಿ ನಂಬರ್ ನಿಮ್ಮದೇ ಇರಲಿ, ಇಲ್ಲದಿದ್ದರೆ ನಿಮ್ಮ ಜೊತೆ ಒಂದೇ ಸೂರಿನಡಿ ಮಲಗುವವರದ್ದು. ಗೋವಾದಲ್ಲಿರುವ ಅಳಿಯನದ್ದು ಬೇಡ. ಅರ್ಜಿ ಹಾಕಿದ ಮೇಲೆ ಬರುವ ನೋಂದಣಿ ಸಂಖ್ಯೆಯನ್ನು ಫೋನಿನ ಜೊತೆಗೆ ಪುಸ್ತಕದಲ್ಲೂ ಬರೆಸಿ ಇಡಿ. ಯಾವ ನಂಬರ್ ಕೊಟ್ಟಿದ್ದೀರಿ ಅನ್ನುವುದನ್ನೂ ಬರೆಸಿ. ಸಿಮ್‌ಗೆ ಆಗಾಗ ರೀಚಾರ್ಜ್ ಮಾಡಿಸಿ, ಬಹಳ ದಿನ ಸುಮ್ನೆ ಬಿಟ್ಟರೆ ನಂಬರೇ ಕೈತಪ್ಪುತ್ತದೆ.

ಆಧಾರದಲ್ಲಿ ಒಂದು ಹೆಸರು, ಪ್ರಮಾಣಪತ್ರದಲ್ಲಿ ಇನ್ನೊಂದು. ಏನು ಮಾಡಲಿ?

ನಮ್ಮ ಜಿಲ್ಲೆಯ ದೊಡ್ಡ ರೋಗ ಇದು. ಗೋಕರ್ಣದ ಸುತ್ತಮುತ್ತ ಮನೆಗೊಬ್ಬ ಮಹಾಬಲೇಶ್ವರ ಇರುತ್ತಾನೆ. ಕರೆಯುವುದು ಮಾಬ್ಲ ಅಂತ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಪೂರ್ತಿ ಹಾಕುತ್ತಾರೆ, ಒಬ್ಬರು 'ಹಾ' ನುಂಗುತ್ತಾರೆ, ಇನ್ನೊಬ್ಬರು ಕೊನೆಯಲ್ಲಿ ಒಂದು 'ಎ' ಸೇರಿಸುತ್ತಾರೆ. ನಾಯ್ಕರು ನಾಯಕರಾಗುತ್ತಾರೆ, ನಾಯಕರು ನಾಯ್ಕರಾಗುತ್ತಾರೆ. ಇಲ್ಲಿ ಅದು ಸಣ್ಣ ವಿಷಯ ಅಲ್ಲ ಅಂತ ಇಲ್ಲಿಯವರಿಗೆ ಗೊತ್ತು. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಮನುಷ್ಯರು.

ಮೊದಲು ಆಧಾರ್ ಸರಿ ಮಾಡಿಸಿ. ಆಮೇಲೆ ಉಳಿದದ್ದೆಲ್ಲ ಅದರಲ್ಲಿ ಇದ್ದ ಹಾಗೇ, ಒಂದು ಅಕ್ಷರ ಆಚೀಚೆ ಆಗದ ಹಾಗೆ. ಉಲ್ಟಾ ಮಾಡಿದರೆ ಎರಡೆರಡು ಸಲ ಓಡಾಡುತ್ತೀರಿ.

ಶಿರಸಿಯವರು ಕಾರವಾರಕ್ಕೇ ಇಳಿಯಬೇಕಾ?

ವಾಸ ಇರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಇಲ್ಲವೇ ನೀವು ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಗೆ ಹಾಕಬಹುದು. ಅಂದರೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೆ ಅಲ್ಲಿಗೂ ಹಾಕಬಹುದು. ಅರ್ಜಿಯಲ್ಲಿ ಆಸ್ಪತ್ರೆ ಆರಿಸುವ ಜಾಗ ಇದೆ, ಸೈಬರ್‌ನವರು ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿ ಮುಂದೆ ಹೋಗುತ್ತಾರೆ, ಅಲ್ಲೇ ತಡೆಯಿರಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ: ಈ ವಾರ ಆ ಡಾಕ್ಟರು ಇದ್ದಾರಾ, ಕಿವಿಯ ಪರೀಕ್ಷೆಯ ಯಂತ್ರ ಇದೆಯಾ ಅಂತ. ಮಳೆಗಾಲದಲ್ಲಾದರೆ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ತೆರೆದಿದೆಯಾ ಅಂತಲೂ ಕೇಳಿಕೊಳ್ಳಿ. ವೀಲ್‌ಚೇರ್‌ನಲ್ಲಿ ಕೂತ ಮನುಷ್ಯನನ್ನು ಬಾಡಿಗೆ ಕಾರಿಗೆ ಹತ್ತಿಸಿ ಇಳಿಸಿ, ಅರ್ಧ ದಾರಿಯಿಂದ ವಾಪಸ್ ಕರೆತಂದವರ ಕಷ್ಟ ಪೋರ್ಟಲ್‌ನಲ್ಲಿ ಎಲ್ಲೂ ಕಾಣುವುದಿಲ್ಲ.

ಎಷ್ಟು ದಿನ ಹಿಡಿಯುತ್ತದೆ?

ನಿಯಮದಲ್ಲಿ ಮೊದಲು 1 ತಿಂಗಳು ಇತ್ತು. 2024ರ ತಿದ್ದುಪಡಿಯಲ್ಲಿ 3 ತಿಂಗಳು ಮಾಡಿದರು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ: ನೀವು ತಪಾಸಣೆಗೆ ಹೋಗದೆ ಅರ್ಜಿ 2 ವರ್ಷ ಹಾಗೇ ಬಿದ್ದಿದ್ದರೆ ಅದು ನಿಂತುಹೋಗುತ್ತದೆ. ಮತ್ತೆ ಹೊಸದಾಗಿ ಹಾಕಬೇಕು. ಅವಧಿಯನ್ನು ಮೂರು ಪಟ್ಟು ಮಾಡಿದ್ದನ್ನು ಸುಧಾರಣೆ ಅಂತ ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

ನನ್ನ ಬೆರಳಚ್ಚು ಬರುವುದಿಲ್ಲ. ನನ್ನ ಕಣ್ಣು ಸ್ಕ್ಯಾನ್ ಆಗುವುದಿಲ್ಲ. ಆಧಾರ್ ಕೊಡಲ್ಲ ಅಂತಾರೆ.

ಕೊಡಲೇಬೇಕು. ಬೆರಳು, ಕಣ್ಣಿನ ಪಾಪೆ ಇಲ್ಲದವರಿಗೆ ಆಧಾರದಲ್ಲಿ ಬಯೊಮೆಟ್ರಿಕ್ ವಿನಾಯಿತಿ ಅಂತ ಒಂದು ದಾರಿ ಇದೆ. ಮುಖ ಮತ್ತು ಎರಡೂ ಕೈ ಕಾಣುವ ಹಾಗೆ ಫೋಟೊ ತೆಗೆದು, ಏನು ಇಲ್ಲ ಅಂತ ಗುರುತು ಹಾಕಿ ಮುಂದೆ ಹೋಗಬೇಕು. ಎಷ್ಟೋ ಆಪರೇಟರುಗಳು ಆ ಜಾಗವನ್ನೇ ಒತ್ತಿ ನೋಡಿರುವುದಿಲ್ಲ.

ನನ್ನದೇ ಕೇಳಿ. ಒಂದು ಕೇಂದ್ರದಲ್ಲಿ ಆ ದುರ್ಬೀನಿನಂಥದ್ದನ್ನು ಮುಖಕ್ಕೆ ಒತ್ತಿ ಹಿಡಿದು "ಕಣ್ಣು ಅಗಲ ಮಾಡಿ" ಅಂದರು. ಮಾಡಿದೆ. "ಇನ್ನೂ ಅಗಲ." ಮಾಡಿದೆ. "ಕೆಂಪು ಲೈಟ್ ನೋಡಿ ಸಾರ್." ಹಿಂದೆ ಕ್ಯೂನಲ್ಲಿ ನಿಂತಿದ್ದ ಮೀನು ಮಾರುವ ಹೆಂಗಸು ನಕ್ಕುಬಿಟ್ಟಳು, "ಅವ್ರಿಗೆ ಲೈಟು ಕಾಣ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ರು ಮಾರಾಯ!" ಆಮೇಲೆ ಯಾರಿಗೋ ಫೋನ್ ಮಾಡಿ ಕೇಳಿ ವಿನಾಯಿತಿ ಹಾಕಿದರು. ಹುಡುಗ ಕೆಟ್ಟವನಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದೇ ಕಥೆ ಬೇರೆ ರೂಪದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆಸಿಡ್ ದಾಳಿಯಿಂದ ಬದುಕುಳಿದ ಪ್ರಗ್ಯಾ ಪ್ರಸೂನ್ ಅವರಿಗೆ ಬ್ಯಾಂಕಿನ ಇ-ಕೆವೈಸಿಯಲ್ಲಿ, ಅಂದರೆ ಗ್ರಾಹಕರ ಗುರುತನ್ನು ಆನ್‌ಲೈನಿನಲ್ಲಿ ಪರೀಕ್ಷಿಸುವಾಗ, ಕಣ್ಣು ಮಿಟುಕಿಸಿ ಅಂದರು, ಅವರಿಂದ ಅದು ಆಗುವುದಿಲ್ಲ. ಕಣ್ಣು ಕಾಣದ ಅಮರ್ ಜೈನ್ ಅವರದ್ದೂ ಜೊತೆಗೆ ಒಂದು ಅರ್ಜಿ ಇತ್ತು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನದೇ ಭಾಗ ಅಂತ ಹೇಳಿ 20 ನಿರ್ದೇಶನ ಕೊಟ್ಟಿತು. ಇನ್ನು ಮುಂದೆ ಯಾರಾದರೂ "ಸಿಸ್ಟಮ್ ತಗೊಳ್ತಾ ಇಲ್ಲ" ಅಂದರೆ ಈ ತಾರೀಕು ಹೇಳಿ.

ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಆಧಾರ್ ಮಾಡುವ ಸೇವೆಯೂ ಇದೆ, ಆಧಾರ್ ಪ್ರಾಧಿಕಾರಕ್ಕೆ ಕೋರಿಕೆ ಕೊಡಬೇಕು.

ಕಣ್ಣು ಕಾಣದವರು ಸ್ವಂತ ಅರ್ಜಿ ತುಂಬಬಹುದಾ?

ತುಂಬಬಹುದು, ತಾಳ್ಮೆ ಇದ್ದರೆ. ಆಂಡ್ರಾಯ್ಡ್ ಫೋನಿನಲ್ಲಿ ವಾಲ್ಯೂಮಿನ ಎರಡೂ ಗುಂಡಿ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುತ್ತದೆ, ಕೆಲವು ಫೋನಿನಲ್ಲಿ ಮೊದಲು ಸೆಟ್ಟಿಂಗ್‌ಗೆ ಹೋಗಿ ಅನುಮತಿ ಕೊಟ್ಟಿರಬೇಕು. ಕನ್ನಡದ ದನಿಯನ್ನು ಬೇರೆಯಾಗಿ ಇಳಿಸಿಕೊಳ್ಳಿ, ಇಲ್ಲದಿದ್ದರೆ ಕನ್ನಡ ಬಂದ ಕಡೆಯೆಲ್ಲ ಬಾಯಿ ಮುಚ್ಚಿಕೊಳ್ಳುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಅಂತ ಇದೆ, ಪುಕ್ಕಟೆ, ಕನ್ನಡವನ್ನೂ ಓದುತ್ತದೆ.

ತೊಡಕು ಎಲ್ಲಿ ಅಂದರೆ, ಮೊದಲನೆಯದು ಕ್ಯಾಪ್ಚಾ. ಸೊಟ್ಟ ಅಕ್ಷರದ ಚಿತ್ರ, ಅದನ್ನು ಫೋನು ಓದುವುದಿಲ್ಲ. ದನಿಯ ಕ್ಯಾಪ್ಚಾ ಕೊಟ್ಟ ಕಡೆ ಪರವಾಗಿಲ್ಲ. ಎರಡನೆಯದು ಒಟಿಪಿಯ ಸಮಯ. ನೀವು ಸಂದೇಶಕ್ಕೆ ಹೋಗಿ, ಕೇಳಿ, ವಾಪಸ್ ಬಂದು, ಆ ಖಾನೆ ಎಲ್ಲಿತ್ತು ಅಂತ ಹುಡುಕುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ ಮಾತ್ರ. ಬಸ್‌ಸ್ಟ್ಯಾಂಡಿನಲ್ಲಿ ಕೂತು ನನ್ನ ಒಟಿಪಿಯನ್ನು ಇಡೀ ಕುಮಟಾಕ್ಕೆ ಕೇಳಿಸಿದ್ದೇನೆ ನಾನು.

ಮೂರನೆಯದೇ ದೊಡ್ಡದು, ಸರ್ಕಾರದ ಕನ್ನಡ ಆದೇಶಗಳು. ಎಷ್ಟೋ ಪಿಡಿಎಫ್‌ಗಳು ಯುನಿಕೋಡ್ ಅಲ್ಲ, ಹಳೇ ನುಡಿ ಫಾಂಟಿನವು. ನೋಡುವವರಿಗೆ 'ಕರ್ನಾಟಕ ಸರ್ಕಾರ' ಅಂತಲೇ ಚೆಂದ ಕಾಣುತ್ತದೆ. ಆದರೆ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೊಂದು ಗೆರೆ, ಪೌಂಡ್ ಚಿಹ್ನೆ, ಹೀಗೆ. ನನ್ನ ಫೋನು ಅದನ್ನು "ಪಿ, ಎ, ಪೌಂಡ್, ಎ" ಅಂತ ಯಕ್ಷಗಾನದ ರಾಕ್ಷಸ ವೇಷ ಬಂದ ಹಾಗೆ ಅಬ್ಬರಿಸಿ ಓದುತ್ತದೆ. ಇಲ್ಲವೇ ಪೂರ್ತಿ ಸ್ಕ್ಯಾನ್ ಮಾಡಿದ ಚಿತ್ರ, ಅದಕ್ಕೆ ಮೌನ. ಅಂಗವಿಕಲರ ಯೋಜನೆಯ ಸುತ್ತೋಲೆಯೇ ಹೀಗೆ ಬಂದರೆ ನಗಬೇಕೋ ಅಳಬೇಕೋ ಹೇಳಿ. ಸದ್ಯಕ್ಕೆ ಗೂಗಲ್ ಲೆನ್ಸ್‌ನಲ್ಲಿ ಆ ಪುಟದ ಚಿತ್ರ ತೆರೆದರೆ ಮುಕ್ಕಾಲು ಪಾಲು ಕನ್ನಡ ಸಿಗುತ್ತದೆ. ಕೆಳಗಿನ ಸಹಿ, ಸೀಲು ಇದ್ದ ಕಡೆ ಕಲಸುಮೇಲೋಗರ. ಇಲಾಖೆಯ ಕಂಪ್ಯೂಟರಿನ ಮುಂದೆ ಕೂರುವ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ವರ್ಡ್‌ನಿಂದ ನೇರ ಪಿಡಿಎಫ್ ಮಾಡಿ. ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಬೇಡಿ. ದುಡ್ಡು ಖರ್ಚಿಲ್ಲ ಇದಕ್ಕೆ.

ಕಿವಿ ಕೇಳದವರಿಗೆ?

ಅರ್ಜಿ ತುಂಬುವುದು ಸುಲಭ, ಆಮೇಲಿನದು ಕಷ್ಟ. ಸಹಾಯವಾಣಿ ಅಂದರೆ ಎಲ್ಲ ಕಡೆ ಮಾತೇ. ಅರ್ಜಿಯಲ್ಲಿ ಕೊಟ್ಟ ನಂಬರಿಗೆ ಆಸ್ಪತ್ರೆಯಿಂದ ಕರೆ ಬಂದರೆ ಎತ್ತುವವರು ಯಾರು? ಮನೆಯವರಿಗೆ ಗೊತ್ತಿರಲಿ, ಮೆಸೇಜನ್ನು ದಿನಾ ನೋಡಲಿ. ಸನ್ನೆ ಭಾಷೆಗೆ ಕೇಂದ್ರ ಸರ್ಕಾರದ ಸಂಸ್ಥೆಯೊಂದು 10,000 ಪದಗಳ ನಿಘಂಟನ್ನು ವಿಡಿಯೋದಲ್ಲಿ ಮಾಡಿದೆ, ಸೈನ್ ಲರ್ನ್ ಅನ್ನುವ ಆ್ಯಪ್‌ನಲ್ಲಿ ಸಿಗುತ್ತದೆ. ಕಚೇರಿಯವರು ಅದರಲ್ಲಿ ಹತ್ತು ಪದ ಕಲಿತರೂ ಸಾಕಿತ್ತು.

ಮಾಸಾಶನ ನಿಂತುಹೋಗಿದೆ. ಯಾರಿಗೆ ಕೇಳಲಿ?

ನಿಂತಿದೆಯಾ, ಬೇರೆ ಕಡೆ ಹೋಗುತ್ತಿದೆಯಾ, ಮೊದಲು ಅದನ್ನು ನೋಡಿ. ದುಡ್ಡು ಈಗ ಆಧಾರ್ ಹಿಡಿದು ಹೋಗುತ್ತದೆ. ನಿಮ್ಮ ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ. ಅಂಕೋಲಾ ಕಡೆಯ ಒಬ್ಬರು ಎಂಟು ತಿಂಗಳು ತಹಶೀಲ್ದಾರ್ ಕಚೇರಿಗೆ ಓಡಾಡಿದರು. ಕೊನೆಗೆ ನೋಡಿದರೆ ಯಾವುದೋ ಶಿಬಿರದಲ್ಲಿ ಹೆಬ್ಬೆಟ್ಟು ಒತ್ತಿ ತೆರೆದ, ಅವರೇ ಮರೆತಿದ್ದ ಖಾತೆಯಲ್ಲಿ ಅಷ್ಟೂ ದುಡ್ಡು ತಣ್ಣಗೆ ಕೂತಿತ್ತು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಇದೆ ಅಂತ ನೋಡಬಹುದು, ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವಾಗ ಎಷ್ಟು ಜಮೆ ಆಯಿತು ಅಂತ ತಿಳಿಯುತ್ತದೆ. ಎರಡಕ್ಕೂ, ಮತ್ತೆ, ಒಟಿಪಿ ಬೇಕು.

ಹೊಸ ಅರ್ಜಿ ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್‌ನಲ್ಲಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲ ತಾನೇ, ನೋಡಿಕೊಂಡು ಹೋಗಿ. ತಿಂಗಳಿಗೆ 800 ರೂಪಾಯಿ, ವೈಕಲ್ಯ ಶೇಕಡಾ 75 ದಾಟಿದವರಿಗೆ 1,400. ಎಂಟುನೂರರಲ್ಲಿ ತಿಂಗಳ ಅಕ್ಕಿ, ಬಂಗಡೆಯ ಲೆಕ್ಕ ನೀವೇ ಹಾಕಿ.

ಬಸ್ ಪಾಸ್?

ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್‌ವರೆಗೆ. ತಮಾಷೆ ಏನಂದರೆ ಶಿರಸಿಯಿಂದ ಜಿಲ್ಲಾ ಕೇಂದ್ರ ಕಾರವಾರ ನೂರು ಕಿಲೋಮೀಟರ್ ದಾಟುತ್ತದೆ, ಇನ್ನು ಸಿದ್ದಾಪುರದವರ ಪಾಡು ಕೇಳಬೇಡಿ. ಯಾವ ಕಚೇರಿಗೆ ಹೋಗಲು ಪಾಸು ಕೊಟ್ಟರೋ ಅಲ್ಲಿಗೆ ಮುಟ್ಟುವ ಮೊದಲೇ ಅದು ಮುಗಿಯುತ್ತದೆ! ರಾಜ್ಯದ ಹೆಂಗಸರಿಗೆ 2023ರ ಜೂನ್‌ನಿಂದ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಇದೆ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಅದೇ ಸಾಕು. ಪಾಸು ವರ್ಷ ವರ್ಷ ನವೀಕರಿಸಬೇಕು.

ರೈಲಿಗೆ ಯುಡಿಐಡಿ ತೋರಿಸಿದರೆ ಸಾಕಾ?

ರಿಯಾಯಿತಿ ಟಿಕೆಟಿಗೆ ರೈಲ್ವೆಯದ್ದೇ ಬೇರೆ ಕಾರ್ಡ್ ಮಾಡಿಸಿಕೊಳ್ಳಿ. ಅದಕ್ಕೂ ಆನ್‌ಲೈನ್ ಅರ್ಜಿ ಬಂದಿದೆ. ಎಲ್ಲ 21 ಬಗೆಯವರಿಗೂ ರಿಯಾಯಿತಿ ಇಲ್ಲ: ಪೂರ್ತಿ ಕಣ್ಣು ಕಾಣದವರು, ಜೊತೆಗೊಬ್ಬರು ಇಲ್ಲದೆ ಓಡಾಡಲು ಆಗದ ಕೈಕಾಲಿನ ತೊಂದರೆಯವರು, ಬುದ್ಧಿಮಾಂದ್ಯರು, ಕಿವಿ ಮಾತು ಎರಡೂ ಇಲ್ಲದವರು ಮುಖ್ಯವಾಗಿ.

ಮಗನಿಗೆ ಬುದ್ಧಿ ಬೆಳೆದಿಲ್ಲ. 18 ತುಂಬಿತು. ಬ್ಯಾಂಕಿನವರು ಆಯಿ ಸಹಿ ನಡೆಯಲ್ಲ ಅಂತಾರೆ.

18 ಆದ ಮೇಲೆ ಕಾನೂನಿನ ಲೆಕ್ಕದಲ್ಲಿ ಅವನು ದೊಡ್ಡವನು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹು ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನುಬದ್ಧ ಪೋಷಕರ (ಗಾರ್ಡಿಯನ್) ನೇಮಕ ಆಗುತ್ತದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿ ಅದನ್ನು ಮಾಡುತ್ತದೆ. ಇದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯೂ ಇದೆ, 1 ಲಕ್ಷದವರೆಗೆ. ಮಗನ ಎಲ್ಲ ಅರ್ಜಿಗೂ ನಿಮ್ಮದೊಂದೇ ನಂಬರ್ ಕೊಡಿ ಅಕ್ಕ. ಒಂದಕ್ಕೆ ಗಂಡನದ್ದು, ಒಂದಕ್ಕೆ ಮೈದುನನದ್ದು ಬೇಡ.

ಮನೆಯಿಂದಲೇ ಮತ ಹಾಕಬಹುದಾ?

ಶೇಕಡಾ 40 ಮತ್ತು ಮೇಲಿದ್ದರೆ ಹಾಕಬಹುದು. 12ಡಿ ನಮೂನೆಯನ್ನು ಚುನಾವಣಾ ಅಧಿಸೂಚನೆ ಬಂದ 5 ದಿನದೊಳಗೆ ಕೊಡಬೇಕು. ಚುನಾವಣಾ ಆಯೋಗದ ಸಕ್ಷಮ್ ಆ್ಯಪ್‌ನಲ್ಲಿ ವೀಲ್‌ಚೇರ್ ಬೇಕು ಅಂತಲೂ ಕೇಳಬಹುದು.

ನಮ್ಮಲ್ಲಿ ನೆಟ್‌ವರ್ಕೇ ಇಲ್ಲ. ಗುಡ್ಡ ಹತ್ತಬೇಕು, ಕಾಲಿಲ್ಲ.

ಜೋಯಿಡಾದಿಂದ ಬಂದ ಪ್ರಶ್ನೆ ಇದು, ಇದ್ದ ಹಾಗೇ ಹಾಕಿದ್ದೇನೆ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಎಷ್ಟೋ ಜನ ಸ್ವತಃ ಅಂಗವಿಕಲರೇ. ಅವರನ್ನು ಕರೆಸಿ, ಕಾಗದಪತ್ರ ಕೊಡಿ. ಒಟಿಪಿ ಬೇಕಾದ ಹೊತ್ತಿಗೆ ನಿಮ್ಮ ಸಿಮ್ ನೆಟ್‌ವರ್ಕ್ ಇರುವ ಕಡೆ ಇರಬೇಕು. ಫೋನನ್ನು ಮನೆಯ ಹುಡುಗನ ಕೈಲಿ ಅವರ ಜೊತೆ ಕಳಿಸಿ, ಸಂಜೆ ವಾಪಸ್ ತರಲಿ. ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಶೇಕಡಾ 5 ಅನುದಾನ ಮೀಸಲು, ಅದನ್ನೂ ಕೇಳಿ.

ದೂರು ಎಲ್ಲಿ ಕೊಡಲಿ?

ಸಕಾಲ ಯೋಜನೆಯಡಿ ಬರುವ ಸೇವೆಯಾದರೆ ನಿಮ್ಮ ಅರ್ಜಿಗೆ 15 ಅಂಕಿಯ ಸಂಖ್ಯೆ ಬಂದಿರುತ್ತದೆ, ಅದನ್ನು ಹಿಡಿದು ಕೇಳಿ. ಜನಸ್ಪಂದನ 1902ಕ್ಕೆ ಕರೆ ಮಾಡಬಹುದು. ಕಾರವಾರದಲ್ಲಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ, ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರು ಇದ್ದಾರೆ. 2016ರ ಕಾಯ್ದೆ ಮುರಿದರೆ 89ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಇದೆ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ನೀವು ನಂಬಿಕಸ್ತರು. ಅರ್ಜಿಗೆ ನಿಮ್ಮ ನಂಬರನ್ನೇ ಹಾಕಿಬಿಡಿ, ಆಗಲ್ವಾ?

ಆಗಲ್ಲ. ಹೋದ ವರ್ಷ ತದಡಿ ದಾಟುವಾಗ ನನ್ನ ಫೋನು ದೋಣಿಯಿಂದ ಜಾರಿ ಅಘನಾಶಿನಿ ಪಾಲಾಯಿತು. ಹೊಸ ಸಿಮ್ ಬರುವವರೆಗೆ ನನ್ನದೇ ಬ್ಯಾಂಕ್ ಖಾತೆ ನನಗೆ ತೆರೆಯಲಿಲ್ಲ. ಆಗ ನಿಮ್ಮೆಲ್ಲರ ಒಟಿಪಿಯೂ ಅದರೊಳಗೆ ಇದ್ದಿದ್ದರೆ? ಗುಂಡಿಯ ಫೋನಿಗೂ ಒಟಿಪಿ ಬರುತ್ತದೆ. ಅದನ್ನೇ ಚಾರ್ಜ್ ಮಾಡಿ ತಗೊಂಡು ಬನ್ನಿ, ಜಗಲಿ ಮೇಲೆ ಕೂತು ತುಂಬೋಣ. ಬಂದ ನಂಬರನ್ನು ನೀವು ಓದಿ ಹೇಳಿ, ನಾನು ಒತ್ತುತ್ತೇನೆ.